ಮೌನದ ವಾಯಿದೆ: ಹಂಚಿಕೆಯ ಗಣಕಯಂತ್ರದಲ್ಲಿ ನಿಷ್ಕ್ರಿಯತೆಯ ನಿರ್ಣಯವನ್ನು ಕುರಿತ ಐತಿಹಾಸಿಕ ವಿವೇಚನೆ

ಒಂದೇ ವಸ್ತುವನ್ನು ಹಲವರು ಸರತಿಯ ಮೇಲೆ ಉಪಯೋಗಿಸಬೇಕಾದಲ್ಲೆಲ್ಲ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಪಾಳಿಯನ್ನು ಪಡೆದವನು ಆ ವಸ್ತುವನ್ನು ನಿಜವಾಗಿಯೂ ಉಪಯೋಗಿಸುತ್ತಿರುವನೋ, ಇಲ್ಲವೆ ಸುಮ್ಮನೆ ಹಿಡಿದುಕೊಂಡಿರುವನೋ ಎಂಬುದೇ ಆ ಪ್ರಶ್ನೆ. ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನವರಿಗೆ ಇದು ಹೊಸದಲ್ಲ. ನವಿಲುತೀರ್ಥದ ಅಣೆಕಟ್ಟಿನಿಂದ ಹೊರಟ ಮಲಪ್ರಭೆಯ ಕಾಲುವೆಗಳಲ್ಲಿ ನೀರು ಪಾಳಿಯ ಮೇಲೆ ಬರುತ್ತದೆ. ಪಾಳಿಯವನು ಹೊಲದಲ್ಲಿ ಇಲ್ಲದಿದ್ದರೆ ಅದು ನೆರೆಹೊಲದವನ ಕಣ್ಣಿಗೆ ಕೂಡಲೆ ಬೀಳುತ್ತದೆ. ಎಲ್ಲಮ್ಮನ ಗುಡ್ಡದ ಬುಡದ ಉಗರಗೋಳದಲ್ಲಿ, ಜಾತ್ರೆಯ ಜನ ತುಂಬಿ ತುಳುಕುವ ಹುಣ್ಣಿಮೆಯ ದಿನಗಳಲ್ಲಿ, ಹೊರಡಲಿರುವ ಬಸ್ಸಿನ ಕಿಡಕಿಯಿಂದ ವಲ್ಲಿಯನ್ನು ಒಳಗೆ ಹಾಕಿ ಸೀಟು ಹಿಡಿಯುವುದು ಎಲ್ಲರೂ ಬಲ್ಲ ರೂಢಿ. ಅಲ್ಲಿ ವಲ್ಲಿ ಇದೆ, ಮನುಷ್ಯನಿಲ್ಲ. ಆ ವಲ್ಲಿಯು ಎಷ್ಟು ಹೊತ್ತಿನವರೆಗೆ ಒಡೆಯನ ಪರವಾಗಿ ನಿಲ್ಲಬಲ್ಲದು ಎಂಬುದನ್ನು ಸುತ್ತಲಿನ ಜನ ತಮ್ಮೊಳಗೇ ತೀರ್ಮಾನಿಸಿಕೊಳ್ಳುತ್ತಾರೆ.

ಗಣಕಯಂತ್ರಕ್ಕೆ ಇಂಥ ಕಣ್ಣುಗಳಿಲ್ಲ. ಸುತ್ತಲೂ ನಿಂತು ತೀರ್ಮಾನಿಸುವ ಜನವೂ ಇಲ್ಲ. ಹಲವರು ಕೂಡಿ ಬಳಸುವ ಗಣಕಯಂತ್ರದಲ್ಲಿ ಲಾಗಿನ್ ಮಾಡಿದ ವ್ಯಕ್ತಿಯ ಹೆಸರು ವಲ್ಲಿಯಂತೆ ಉಳಿದಿರುತ್ತದೆ. ಅದರ ಒಡೆಯನು ಇರುವನೋ ಇಲ್ಲವೋ ಎಂಬುದನ್ನು ಯಂತ್ರವು ತನಗೆ ದೊರೆಯುವ ಅತ್ಯಲ್ಪ ಸಾಧನಗಳಿಂದ ಊಹಿಸಬೇಕಾಗುತ್ತದೆ. ಈ ಊಹೆಯ ಇತಿಹಾಸವೇ ಪ್ರಸ್ತುತ ಲೇಖನದ ವಿಷಯ. ಇದನ್ನು ಮೂರು ಪ್ರಶ್ನೆಗಳಾಗಿ ವಿಂಗಡಿಸಿಕೊಳ್ಳಬಹುದು. ಯಾವ ಗುರುತಿನಿಂದ ಬಳಕೆದಾರನು ನಿಷ್ಕ್ರಿಯನೆಂದು ತಿಳಿಯಬೇಕು? ಎಷ್ಟು ಕಾಲದ ಮೌನವನ್ನು ಸಹಿಸಬೇಕು? ಆ ವಾಯಿದೆ ಮೀರಿದಾಗ ಅವನು ಏನನ್ನು ಕಳೆದುಕೊಳ್ಳಬೇಕು? ಮೊದಲನೆಯದು ಯಂತ್ರಶಾಸ್ತ್ರದ ಪ್ರಶ್ನೆಯಾದರೆ ಉಳಿದೆರಡು ನ್ಯಾಯದ ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ಸಿಕ್ಕಿತೆಂದು ಉಳಿದೆರಡಕ್ಕೂ ಸಿಕ್ಕಿತೆಂದು ಭಾವಿಸುವುದರಿಂದಲೇ ತೊಡಕುಗಳು ಹುಟ್ಟುತ್ತವೆಂಬುದನ್ನು ಮುಂದೆ ತೋರಿಸಲು ಯತ್ನಿಸಲಾಗಿದೆ.

೧. ಯಂತ್ರದ ಬಿಡುವು ಮತ್ತು ಮನುಷ್ಯನ ಬಿಡುವು

ಗಣಕಯಂತ್ರಗಳ ಮೊದಲ ಕಾಲದಲ್ಲಿ ನಿಷ್ಕ್ರಿಯತೆಯ ಚಿಂತೆ ಬಳಕೆದಾರನನ್ನು ಕುರಿತದ್ದಾಗಿರಲಿಲ್ಲ. ಅದು ಯಂತ್ರವನ್ನು ಕುರಿತದ್ದಾಗಿತ್ತು. ಯಂತ್ರದ ಬೆಲೆ ಅಪಾರವಾಗಿದ್ದು, ಅದು ಒಂದು ಕ್ಷಣ ಸುಮ್ಮನಿದ್ದರೂ ನಷ್ಟವೆಂಬ ಎಣಿಕೆಯಿತ್ತು. ಆದುದರಿಂದ ಕೆಲಸಗಳನ್ನೆಲ್ಲ ಕಟ್ಟುಕಟ್ಟಾಗಿ ಒಂದರ ಹಿಂದೊಂದು ಯಂತ್ರಕ್ಕೆ ಉಣಿಸಲಾಗುತ್ತಿತ್ತು. ನಮ್ಮ ದೇಶದಲ್ಲಿ ೧೯೬೩ರಲ್ಲಿ ಕಾನಪುರದ ಐಐಟಿಗೆ ಬಂದ ಐಬಿಎಂ ೧೬೨೦, ೧೯೬೪ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಬಂದ ಸಿಡಿಸಿ ೩೬೦೦, ಮುಂದೆ ೧೯೭೦ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಐಬಿಎಂ ೩೬೦/೪೪ ಇವೆಲ್ಲ ರಂಧ್ರ ಕೊರೆದ ಕಾರ್ಡುಗಳ ಯುಗಕ್ಕೆ ಸೇರಿದವು. ಸಂಶೋಧಕನು ಕಾರ್ಡುಗಳ ಕಟ್ಟನ್ನು ಒಪ್ಪಿಸಿ ಹೋಗುವನು. ತಾಸುಗಳ ನಂತರವೋ ಮರುದಿನವೋ ಮುದ್ರಿತ ಹಾಳೆಗಳನ್ನು ಪಡೆಯುವನು. ನಡುವಿನ ಕಾಲದಲ್ಲಿ ಅವನು ಎಲ್ಲಿದ್ದನು, ಏನು ಮಾಡುತ್ತಿದ್ದನು ಎಂಬುದು ಯಂತ್ರಕ್ಕೆ ಬೇಕಾದ ಸಂಗತಿಯೇ ಅಲ್ಲ. ಕಾಯುವುದು ಮನುಷ್ಯನ ಪಾಲು, ದುಡಿಯುವುದು ಯಂತ್ರದ ಪಾಲು.

ಈ ಏರ್ಪಾಡನ್ನು ತಲೆಕೆಳಗು ಮಾಡಿದ್ದು ಕಾಲಹಂಚಿಕೆ. ೧೯೫೯ರ ಜನವರಿಯಲ್ಲಿ ಅಮೆರಿಕದ ಎಂಐಟಿಯಲ್ಲಿ ಜಾನ್ ಮೆಕಾರ್ಥಿಯು ಬರೆದ ಟಿಪ್ಪಣಿಯೂ, ಅದೇ ವರ್ಷ ಪ್ಯಾರಿಸ್ಸಿನ ಯುನೆಸ್ಕೋ ಸಮ್ಮೇಲನದಲ್ಲಿ ಇಂಗ್ಲೆಂಡಿನ ಕ್ರಿಸ್ಟಫರ್ ಸ್ಟ್ರೇಚಿಯು ಓದಿದ ಪ್ರಬಂಧವೂ ಈ ದಿಕ್ಕಿನ ಮೊದಲ ಹೆಜ್ಜೆಗಳು. ೧೯೬೧ರ ನವೆಂಬರದಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವನ ಸಂಗಡಿಗರು ಎಂಐಟಿಯಲ್ಲಿ ಸಿಟಿಎಸ್ಎಸ್ ಎಂಬ ವ್ಯವಸ್ಥೆಯನ್ನು ಪ್ರದರ್ಶಿಸಿದರು. ೧೯೬೪ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಸ್ ಎಂಬಿಬ್ಬರು ಅಧ್ಯಾಪಕರು ಸಾಮಾನ್ಯ ವಿದ್ಯಾರ್ಥಿಗಳಿಗೂ ದೊರೆಯುವಂತೆ ಇಂಥದೇ ವ್ಯವಸ್ಥೆಯನ್ನು ಆರಂಭಿಸಿದರು. ಇವುಗಳ ತತ್ತ್ವ ಸರಳವಾದುದು. ಯಂತ್ರವು ಒಬ್ಬನ ಕೆಲಸವನ್ನು ಸೆಕೆಂಡಿನ ಒಂದು ಅಲ್ಪಭಾಗ ಮಾಡಿ, ಮತ್ತೊಬ್ಬನ ಕಡೆಗೆ ತಿರುಗಿ, ಸುತ್ತು ಮುಗಿಸಿ ಮರಳಿ ಮೊದಲನೆಯವನ ಬಳಿ ಬರುತ್ತದೆ. ಈ ಸುತ್ತು ಎಷ್ಟು ವೇಗದಲ್ಲಿ ನಡೆಯುತ್ತದೆಂದರೆ, ಪ್ರತಿಯೊಬ್ಬನಿಗೂ ಯಂತ್ರವು ತನ್ನದೊಬ್ಬನದೇ ಎಂಬ ಭ್ರಮೆ ಹುಟ್ಟುತ್ತದೆ.

ಇದು ಸಾಧ್ಯವಾಗುವುದು ಹೇಗೆ? ವಾಚಕರು ಲಕ್ಷ್ಯದಲ್ಲಿಡಬೇಕಾದ ಮೊದಲ ಸಂಗತಿ ಇಲ್ಲಿದೆ. ಮನುಷ್ಯನು ನಿಧಾನಿ. ಒಂದು ಸಾಲನ್ನು ಬೆರಳಚ್ಚಿಸುತ್ತಾನೆ, ಓದುತ್ತಾನೆ, ತಲೆ ಕೆರೆದುಕೊಳ್ಳುತ್ತಾನೆ, ಕಾಗದದ ಮೇಲೆ ಲೆಕ್ಕ ಹಾಕುತ್ತಾನೆ. ಯಂತ್ರದ ದೃಷ್ಟಿಯಿಂದ ನೋಡಿದರೆ ಕೀಲಿಮಣೆಯ ಮುಂದೆ ಕುಳಿತ ಮನುಷ್ಯನು ಬಹುಪಾಲು ಕಾಲ ಸುಮ್ಮನೆಯೇ ಇರುತ್ತಾನೆ. ಒಂದು ಯಂತ್ರವು ಹತ್ತಾರು ಜನರಿಗೆ ಸಾಲುವುದು ಅವರೆಲ್ಲರೂ ಹೀಗೆ ಆಲೋಚಿಸುತ್ತ ಸುಮ್ಮನಿರುವುದರಿಂದಲೇ. ಅರ್ಥಾತ್, ಬಳಕೆದಾರನ ನಿಷ್ಕ್ರಿಯತೆಯು ಈ ವ್ಯವಸ್ಥೆಯ ಮೂಲ ಬಂಡವಾಳ. ಅದನ್ನು ಅಪರಾಧವೆಂದು ಎಣಿಸಲು ಆರಂಭದಲ್ಲಿ ಯಾವ ಕಾರಣವೂ ಇರಲಿಲ್ಲ. ಸಿಟಿಎಸ್ಎಸ್ ವ್ಯವಸ್ಥೆಯ ಸರತಿಯ ನಿಯಮವೂ ಇದಕ್ಕೆ ಅನುಗುಣವಾಗಿತ್ತು: ದೀರ್ಘಕಾಲ ಯಂತ್ರವನ್ನು ದುಡಿಸುವ ಪ್ರೋಗ್ರಾಮು ಸಾಲಿನಲ್ಲಿ ಹಿಂದೆ ಸರಿಯುತ್ತಿತ್ತು; ಆಲೋಚಿಸಿ ಒಂದು ಸಣ್ಣ ಆಜ್ಞೆಯನ್ನು ಕೊಟ್ಟವನಿಗೆ ಬೇಗನೆ ಉತ್ತರ ದೊರೆಯುತ್ತಿತ್ತು.

೨. ಹಿಡಿದಿಟ್ಟ ವಸ್ತು ಯಾವುದು?

ಹಾಗಾದರೆ ಸುಮ್ಮನಿರುವವನನ್ನು ಹುಡುಕಿ ಹೊರಹಾಕುವ ಅವಶ್ಯಕತೆ ಎಲ್ಲಿಂದ ಬಂದಿತು? ಪ್ರೊಸೆಸರ್ ಎಂಬ ದುಡಿಯುವ ಭಾಗಕ್ಕೆ ಅವನ ಮೌನದಿಂದ ತೊಂದರೆಯಿಲ್ಲ. ಆದರೆ ಅವನು ಬೇರೆ ಕೆಲವು ವಸ್ತುಗಳನ್ನು ಹಿಡಿದುಕೊಂಡಿರುತ್ತಾನೆ. ಕೀಲಿಮಣೆಯಿರುವ ಟರ್ಮಿನಲ್ ಒಂದು. ಯಂತ್ರದವರೆಗೆ ಬರುವ ಟೆಲಿಫೋನ್ ತಂತಿ ಇನ್ನೊಂದು. ಸ್ಮೃತಿಕೋಶದಲ್ಲಿ ಅವನಿಗಾಗಿ ಕಾದಿರಿಸಿದ ಜಾಗ ಮತ್ತೊಂದು. ಸಿಟಿಎಸ್ಎಸ್ ಏಕಕಾಲಕ್ಕೆ ಸುಮಾರು ೩೦ ಜನರನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಬಲ್ಲುದಾಗಿತ್ತು. ಒಳಗಿದ್ದ ೩೦ ಜನರಲ್ಲಿ ೧೦ ಜನ ಚಹಾ ಕುಡಿಯಲು ಹೋಗಿದ್ದರೂ ೩೧ನೆಯವನು ಹೊರಗೇ ನಿಲ್ಲಬೇಕು. ಪ್ರೊಸೆಸರ್ ಬಿಡುವಾಗಿಯೇ ಇದೆ. ಬಾಗಿಲು ಮಾತ್ರ ಮುಚ್ಚಿದೆ.

ಇದರಿಂದ ಒಂದು ಭೇದವು ಸ್ಪಷ್ಟವಾಗುತ್ತದೆ. ಹಂಚಿಕೆಯ ವ್ಯವಸ್ಥೆಯಲ್ಲಿ ಎರಡು ಬಗೆಯ ವಸ್ತುಗಳಿರುತ್ತವೆ. ಒಬ್ಬನು ಉಪಯೋಗಿಸದಿದ್ದರೆ ತಾನಾಗಿಯೇ ಮುಂದಿನವನಿಗೆ ಹರಿದುಹೋಗುವಂಥವು ಕೆಲವು. ಕಾಲುವೆಯ ನೀರಿನಂತೆ ಪ್ರೊಸೆಸರಿನ ಕಾಲವು ಈ ವರ್ಗಕ್ಕೆ ಸೇರಿದುದು. ಉಪಯೋಗಿಸಲಿ, ಬಿಡಲಿ, ಹಿಡಿದವನ ಹೆಸರಿನಲ್ಲೇ ಉಳಿಯುವಂಥವು ಇನ್ನು ಕೆಲವು. ಬಸ್ಸಿನ ಸೀಟಿನಂತೆ ಟರ್ಮಿನಲ್ಲು ಈ ಎರಡನೆಯ ವರ್ಗದ್ದು. ನಿಷ್ಕ್ರಿಯತೆಯನ್ನು ಕಂಡುಹಿಡಿಯುವ ಅವಶ್ಯಕತೆಯು ಎರಡನೆಯ ವರ್ಗದಲ್ಲಿ ಮಾತ್ರ ಏಳುತ್ತದೆ. ಮುಂದೆ ಇದಕ್ಕೆ ಮತ್ತೊಂದು ಕಾರಣವೂ ಸೇರಿಕೊಂಡಿತು. ಕುಳಿತವನು ಎದ್ದುಹೋದಾಗ ಬೇರೊಬ್ಬನು ಬಂದು ಕುಳಿತು ಅವನ ಹೆಸರಿನಲ್ಲಿ ವ್ಯವಹರಿಸಬಹುದಲ್ಲವೆ? ಸಿಟಿಎಸ್ಎಸ್ ವ್ಯವಸ್ಥೆಯಲ್ಲಿಯೇ ಪಾಸ್‌ವರ್ಡ್ ಬಳಕೆಗೆ ಬಂದಿದ್ದಿತು. ಆದರೆ ಪಾಸ್‌ವರ್ಡು ಬಾಗಿಲಲ್ಲಿ ಮಾತ್ರ ಕೇಳುವ ಪ್ರಶ್ನೆ; ಒಳಗೆ ಬಂದ ಮೇಲೆ ಆತನೇ ಇರುವನೋ ಎಂದು ಅದು ಮತ್ತೆ ಕೇಳುವುದಿಲ್ಲ. ಹೀಗೆ ಮೊದಲು ಜಾಗದ ಕೊರತೆಯಿಂದ ಹುಟ್ಟಿದ ಪ್ರಶ್ನೆಗೆ ತರುವಾಯ ರಕ್ಷಣೆಯ ಪ್ರಶ್ನೆಯೂ ಕೂಡಿಕೊಂಡಿತು. ಒಂದೇ ಉಪಾಯದಿಂದ ಇವೆರಡನ್ನೂ ಬಗೆಹರಿಸಲು ಹೊರಟದ್ದರಿಂದ ಮುಂದಿನ ಗೊಂದಲಗಳು ಹಲವು.

೩. ಗುರುತು

ಯಂತ್ರಕ್ಕೆ ದೊರೆಯುವ ಮುಖ್ಯ ಗುರುತು ಒಂದೇ: ಕೀಲಿಯನ್ನು ಕೊನೆಯ ಸಲ ಒತ್ತಿದ ವೇಳೆ. ೧೯೬೯ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯುನಿಕ್ಸ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಟರ್ಮಿನಲ್ಲೂ ಒಂದು ಕಡತದಂತೆ ಪರಿಗಣಿಸಲ್ಪಡುತ್ತದೆ. ಆ ಕಡತವನ್ನು ಕೊನೆಗೆ ಓದಿದ ಹೊತ್ತು ದಾಖಲಾಗಿರುತ್ತದೆ. ಈಗಿನ ಹೊತ್ತಿನಿಂದ ಆ ಹೊತ್ತನ್ನು ಕಳೆದರೆ ಉಳಿಯುವುದೇ ಬಳಕೆದಾರನ ‘ನಿಷ್ಕ್ರಿಯಕಾಲ’. ಯಾರು ಯಾರು ಒಳಗಿದ್ದಾರೆಂದು ತೋರಿಸುವ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಈ ಅಂಕಿ ಮುದ್ರಿತವಾಗುತ್ತದೆ. ಉಪಾಯವು ಇಷ್ಟೇ ಸರಳ. ಇಂದಿಗೂ ಅದರ ತಿರುಳು ಬದಲಾಗಿಲ್ಲ.

ಇಂಥ ಪಟ್ಟಿಗಳ ಇತಿಹಾಸದಲ್ಲಿ ಸ್ಟ್ಯಾನ್‌ಫರ್ಡ್ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದ ಪ್ರಸಂಗವೊಂದು ಉಲ್ಲೇಖಾರ್ಹವಾಗಿದೆ. ಅಲ್ಲಿನವರು ಒಳಗಿರುವವರ ಪಟ್ಟಿಯ ಮೇಲೆ ಬೆರಳಾಡಿಸುತ್ತ ತಮಗೆ ಬೇಕಾದವರನ್ನು ಹುಡುಕುತ್ತಿದ್ದುದನ್ನು ಲೆಸ್ ಅರ್ನೆಸ್ಟ್ ಎಂಬುವನು ಗಮನಿಸಿ, ೧೯೭೧ರಲ್ಲಿ ‘ಫಿಂಗರ್’ ಅಂದರೆ ಬೆರಳು ಎಂಬ ಹೆಸರಿನ ಪ್ರೋಗ್ರಾಮನ್ನು ಬರೆದನು. ಅದು ಪೂರ್ಣ ಹೆಸರನ್ನೂ ಎಷ್ಟು ಹೊತ್ತಿನಿಂದ ಸುಮ್ಮನಿರುವನೆಂಬುದನ್ನೂ ತಿಳಿಸುತ್ತಿತ್ತು. ಬಳಕೆದಾರರ ಕೋರಿಕೆಯಂತೆ ಅದರಲ್ಲಿ ಮತ್ತೊಂದು ಅನುಕೂಲ ಸೇರಿಸಲ್ಪಟ್ಟಿತು: ಪ್ರತಿಯೊಬ್ಬನೂ ತಾನು ಎಲ್ಲಿಗೆ ಹೋಗಿರುವೆನೆಂದು ನಾಲ್ಕು ಮಾತು ಬರೆದಿಡಬಹುದಾಗಿತ್ತು. ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಯಂತ್ರವು ಅಳೆದ ಮೌನದ ಪಕ್ಕದಲ್ಲಿಯೇ ಆ ಮೌನಕ್ಕೆ ಮನುಷ್ಯನು ಕೊಡುವ ಕಾರಣಕ್ಕೂ ಸ್ಥಳವಿದ್ದಿತು. ಮುಂದಿನ ವ್ಯವಸ್ಥೆಗಳಲ್ಲಿ ಅಳತೆ ಉಳಿಯಿತು. ಕಾರಣಕ್ಕೆ ಇದ್ದ ಸ್ಥಳವು ಕಿರಿದಾಗುತ್ತ ಬಂದಿತು.

ಕೀಲಿಯ ಗುರುತು ಮೂರು ವಿಧದಿಂದ ಮೋಸಗೊಳಿಸಬಲ್ಲದು. ಒಂದನೆಯದಾಗಿ, ಮನುಷ್ಯನು ಸುಮ್ಮನಿದ್ದರೂ ಅವನ ಕೆಲಸವು ನಡೆದಿರಬಹುದು. ರಾತ್ರಿಯೆಲ್ಲ ಓಡಬೇಕಾದ ಲೆಕ್ಕಾಚಾರವನ್ನು ಹಚ್ಚಿ ಮನೆಗೆ ಹೋದ ಸಂಶೋಧಕನ ಕೀಲಿಮಣೆ ನಿಶ್ಶಬ್ದವಾಗಿದೆ. ಅವನ ಪ್ರೋಗ್ರಾಮು ಮಾತ್ರ ಎಲ್ಲರಿಗಿಂತ ಹೆಚ್ಚು ದುಡಿಯುತ್ತಿದೆ. ಎರಡನೆಯದಾಗಿ, ಸುಮ್ಮನಿರುವುದಕ್ಕೂ ಸಂಪರ್ಕವೇ ಕಡಿದುಹೋಗಿರುವುದಕ್ಕೂ ಭೇದ ತಿಳಿಯದು. ತಂತಿ ಕಡಿದುಹೋದರೆ ‘ನಾನು ಹೊರಟೆ’ ಎಂದು ಹೇಳುವವರಿಲ್ಲ. ಇದಕ್ಕಾಗಿಯೇ ಅಂತರಜಾಲದ ನಿಯಮಗಳಲ್ಲಿ, ಬಹಳ ಹೊತ್ತು ಮೌನವಾಗಿರುವ ಸಂಪರ್ಕದ ಆಚೆಯ ತುದಿಗೆ ‘ಇರುವೆಯಾ?’ ಎಂದು ಕೇಳುವ ಕ್ರಮವಿದೆ. ಹೀಗೆ ಕೇಳುವ ಮೊದಲು ಸ್ವಾಭಾವಿಕವಾಗಿ ೨ ತಾಸುಗಳಿಗಿಂತ ಕಡಿಮೆಯಿಲ್ಲದಷ್ಟು ಕಾಯಬೇಕೆಂದು ೧೯೮೯ರ ನಿಯಮಾವಳಿ ಗೊತ್ತುಪಡಿಸಿತು. ಮೂರನೆಯದಾಗಿ, ಓದುವವನು ಕೀಲಿಯನ್ನು ಒತ್ತುವುದಿಲ್ಲ. ಟರ್ಮಿನಲ್ ಹೋಗಿ ಪರದೆ ಬಂದ ಮೇಲೆ, ಅದರ ಮೇಲೆ ಪುಸ್ತಕ ಓದುವುದು, ಉಪನ್ಯಾಸ ಕೇಳುವುದು ಸಾಮಾನ್ಯವಾದ ಮೇಲೆ, ಅತ್ಯಂತ ತನ್ಮಯನಾದ ಬಳಕೆದಾರನೇ ಯಂತ್ರಕ್ಕೆ ಅತ್ಯಂತ ನಿಷ್ಕ್ರಿಯನಾಗಿ ಕಾಣತೊಡಗಿದನು.

ಈ ಅಳತೆಯೇ ಅಪಾಯಕಾರಿಯಾಗಬಲ್ಲದೆಂಬುದು ತಡವಾಗಿ ತಿಳಿದ ಸಂಗತಿ. ಟರ್ಮಿನಲ್ಲಿನ ಕೊನೆಯ ವೇಳೆಯನ್ನು ಅದೇ ಯಂತ್ರದ ಇತರ ಬಳಕೆದಾರರೂ ನೋಡಬಹುದಾಗಿತ್ತು. ಅದನ್ನು ಸೂಕ್ಷ್ಮವಾಗಿ ಕಾಯುತ್ತ ಕುಳಿತರೆ, ಒಬ್ಬನು ಪಾಸ್‌ವರ್ಡಿನ ಎಷ್ಟು ಅಕ್ಷರಗಳನ್ನು ಯಾವ ಲಯದಲ್ಲಿ ಒತ್ತಿದನೆಂದು ಊಹಿಸಬಹುದು. ಆದಕಾರಣ ೨೦೧೩ರಲ್ಲಿ ಲಿನಕ್ಸ್ ವ್ಯವಸ್ಥೆಯಲ್ಲಿ ಈ ವೇಳೆಯನ್ನು ೮ ಸೆಕೆಂಡುಗಳಿಗಿಂತ ಸೂಕ್ಷ್ಮವಾಗಿ ದಾಖಲಿಸದಂತೆ ಮಾಡಲಾಯಿತು. ನೆರೆಯವನು ಸುಮ್ಮನಿರುವನೇ ಎಂದು ತಿಳಿಯುವ ಹಕ್ಕಿಗೂ ಒಂದು ಮಿತಿ ಬೇಕೆಂದು ಯಂತ್ರವನ್ನು ಕಟ್ಟುವವರೇ ಒಪ್ಪಿಕೊಂಡಂತಾಯಿತು.

೪. ವಾಯಿದೆ

ಗುರುತು ಯಾವುದೇ ಇರಲಿ, ಎಷ್ಟು ಹೊತ್ತಿನ ಮೌನವನ್ನು ನಿಷ್ಕ್ರಿಯತೆಯೆಂದು ಕರೆಯಬೇಕೆಂಬುದನ್ನು ಯಂತ್ರವು ತಾನಾಗಿ ಹೇಳಲಾರದು. ಅದನ್ನು ಯಾರಾದರೊಬ್ಬರು ಗೊತ್ತುಪಡಿಸಬೇಕು. ೧೯೮೩ರಲ್ಲಿ ಜಾನ್ ಸೋಚಾ ಎಂಬವನು ಪ್ರಕಟಿಸಿದ ಮೊದಲ ಪರದೆರಕ್ಷಕ ಪ್ರೋಗ್ರಾಮು ೩ ನಿಮಿಷಗಳ ಮೌನದ ನಂತರ ಪರದೆಯನ್ನು ಕಪ್ಪಾಗಿಸುತ್ತಿತ್ತು. ಒಂದೇ ಚಿತ್ರ ಬಹುಕಾಲ ನಿಂತರೆ ಪರದೆಯ ಲೇಪ ಸುಟ್ಟು ಕಲೆಯಾಗುತ್ತದೆಂಬುದೇ ಅದರ ಕಾರಣ. ಬ್ಯಾಂಕುಗಳ ಕಾರ್ಡಿನ ವಿವರಗಳನ್ನು ಇಟ್ಟುಕೊಳ್ಳುವ ಕಚೇರಿಗಳಿಗೆ ವಿಧಿಸಿರುವ ಅಂತರರಾಷ್ಟ್ರೀಯ ನಿಯಮದಂತೆ ೧೫ ನಿಮಿಷ ಸುಮ್ಮನಿದ್ದವನು ಮತ್ತೆ ತನ್ನ ಗುರುತು ಹೇಳಬೇಕು. ಇಲ್ಲಿ ಕಾರಣ ಕಳವಿನ ಭಯ. ಸಂಪರ್ಕ ಕಡಿದಿದೆಯೇ ಎಂದು ಕೇಳಲು, ಮೇಲೆ ಹೇಳಿದಂತೆ, ೨ ತಾಸು. ಇಲ್ಲಿ ಕಾರಣ ಜಾಲದ ಮೇಲಿನ ಹೊರೆ. ನಮ್ಮ ಹಿರಿಯರು ಗಳಿಗೆ ಬಟ್ಟಲಿನಿಂದ ಅಳೆಯುತ್ತಿದ್ದ ಒಂದು ಗಳಿಗೆಯೆಂದರೆ ೨೪ ನಿಮಿಷ. ಬ್ಯಾಂಕಿನ ನಿಯಮವು ಒಂದು ಗಳಿಗೆಯ ಮೌನವನ್ನೂ ತಾಳುವುದಿಲ್ಲ. ಈ ಅಂಕಿಗಳಲ್ಲಿ ಯಾವುದೂ ಮನುಷ್ಯನ ಸ್ವಭಾವದಿಂದ ಹುಟ್ಟಿದುದಲ್ಲ. ಪ್ರತಿಯೊಂದೂ ಕಾಪಾಡಬೇಕಾದ ವಸ್ತುವಿನಿಂದ ಹುಟ್ಟಿದುದು. ಪರದೆಗಾಗಿ ಗೊತ್ತಾದ ಅಂಕಿಯನ್ನು ಮನುಷ್ಯನ ಶ್ರದ್ಧೆಯನ್ನು ಅಳೆಯಲು ಬಳಸಿದರೆ ಅದು ಅಸಂಗತವೇ ಸರಿ.

ಮೌನಕ್ಕೆ ವಾಯಿದೆಯನ್ನು ಗೊತ್ತುಪಡಿಸುವುದು ಗಣಕಯಂತ್ರದೊಡನೆ ಹುಟ್ಟಿದ ಸಮಸ್ಯೆಯೇನೂ ಅಲ್ಲ. ಸವದತ್ತಿಯ ರಟ್ಟರು ಯಾರ ಮಾಂಡಲಿಕರಾಗಿದ್ದರೋ ಆ ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿ, ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಪ್ರಸಿದ್ಧವಾದ ಒಂದು ವಿಧಿಯಿದೆ. ಒಡೆಯನು ಕಣ್ಣಾರೆ ಕಾಣುತ್ತಿದ್ದೂ ತಡೆಯದೆ ಇರಲು, ಪರನು ಅವನ ಭೂಮಿಯನ್ನು ೨೦ ವರ್ಷ ಅನುಭವಿಸಿದರೆ ಒಡೆಯನಿಗೆ ಹಾನಿಯೆಂದೂ, ಚರಸ್ವತ್ತಿಗೆ ಆ ಅವಧಿ ೧೦ ವರ್ಷವೆಂದೂ ಅದರ ತಾತ್ಪರ್ಯ. ಇಲ್ಲಿ ಮೂರು ಅಂಶಗಳು ಗಮನಾರ್ಹವಾಗಿವೆ. ಕೇವಲ ಮೌನವು ಸಾಲದು; ಒಡೆಯನಿಗೆ ಸಂಗತಿ ತಿಳಿದಿರಬೇಕು. ಒಂದೇ ವಾಯಿದೆ ಎಲ್ಲಕ್ಕೂ ಅನ್ವಯಿಸದು. ವಸ್ತುವಿಗೆ ತಕ್ಕಂತೆ ಅದು ಬೇರೆ. ಅಲ್ಲದೆ, ಕೆಲವು ಸ್ವತ್ತುಗಳಿಗೆ ವಾಯಿದೆಯೇ ಇಲ್ಲ. ಒತ್ತೆಯಿಟ್ಟದ್ದು, ನಂಬಿ ಇಟ್ಟ ನಿಕ್ಷೇಪ, ಹೊಲದ ಎಲ್ಲೆ, ಜಡರ ಮತ್ತು ಬಾಲಕರ ಸ್ವತ್ತು, ರಾಜನದು, ಸ್ತ್ರೀಯರದು, ಶ್ರೋತ್ರಿಯರದು ಇವುಗಳನ್ನು ಸ್ಮೃತಿಯು ಹೊರಗಿಡುತ್ತದೆ. ಈ ಪಟ್ಟಿಯಲ್ಲಿ ಆ ಕಾಲದ ಸಮಾಜದ ಮೇಲುಕೀಳಿನ ಭಾವನೆಗಳೂ ಸೇರಿವೆಯೆಂಬುದು ನಿಜ. ಆದರೂ ಸಕಾಲದಲ್ಲಿ ಉತ್ತರ ಕೊಡಲಾರದವನ ಮೌನವನ್ನು, ಕೊಡಬಲ್ಲವನ ಮೌನದೊಡನೆ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ವಿವೇಕವು ಅಲ್ಲಿದೆ.

೫. ನಷ್ಟ

ವಿಜ್ಞಾನೇಶ್ವರನ ವಿಶೇಷತೆ ಕಾಣುವುದು ಮೂರನೆಯ ಪ್ರಶ್ನೆಯಲ್ಲಿ. ೨೦ ವರ್ಷ ಸುಮ್ಮನಿದ್ದವನು ಕಳೆದುಕೊಳ್ಳುವುದೇನು? ಭೂಮಿಯನ್ನೇ ಎಂದು ವಿಧಿಯ ಮಾತಿನಿಂದ ತೋರಬಹುದು. ಮಿತಾಕ್ಷರಾಕಾರನು ಇದನ್ನು ಒಪ್ಪುವುದಿಲ್ಲ. ಅವನ ಅಭಿಪ್ರಾಯದಂತೆ ಹಾನಿಯಾಗುವುದು ಫಲಕ್ಕೆ, ಅಂದರೆ ಅಷ್ಟು ಕಾಲ ಪರನು ಉಂಡ ಉತ್ಪತ್ತಿಗೆ ಮಾತ್ರ. ಭೂಮಿಯ ಮೇಲಿನ ಸ್ವಾಮ್ಯವು ಮೌನದಿಂದ ಅಳಿಯುವುದಿಲ್ಲ. ಸುಮ್ಮನಿದ್ದುದಕ್ಕೆ ಒಂದು ಬೆಲೆಯುಂಟು. ಆದರೆ ಆ ಬೆಲೆ ಸರ್ವಸ್ವವಲ್ಲ.

ಫಲಹಾನಿ ಮತ್ತು ಸ್ವಾಮ್ಯಹಾನಿ ಎಂಬ ಈ ಭೇದವನ್ನು ಕೈಯಲ್ಲಿ ಹಿಡಿದು ಗಣಕಯಂತ್ರದ ಇತಿಹಾಸವನ್ನು ನೋಡಿದರೆ ಎರಡು ಪರಂಪರೆಗಳು ಸ್ಪಷ್ಟವಾಗಿ ಕಾಣುತ್ತವೆ. ಮೊದಲನೆಯದರಲ್ಲಿ ವಾಯಿದೆ ಮೀರಿದವನ ಸೆಷನ್ ಮುಗಿದುಹೋಗುತ್ತದೆ. ಅವನು ಅರ್ಧ ಬರೆದಿಟ್ಟದ್ದು ಅಳಿಯುತ್ತದೆ, ಓಡುತ್ತಿದ್ದ ಪ್ರೋಗ್ರಾಮು ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಆರಂಭಿಸಬೇಕು. ಎರಡನೆಯದರಲ್ಲಿ ಅವನು ಹಿಡಿದಿದ್ದ ಜಾಗವನ್ನು ಮಾತ್ರ ಬಿಡಿಸಿಕೊಳ್ಳಲಾಗುತ್ತದೆ. ಅವನ ಕೆಲಸವು ಹಾಗೆಯೇ ಉಳಿದಿರುತ್ತದೆ. ೧೯೮೦ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಡೆಕ್-೧೦೯೦ ಯಾವ ಯಂತ್ರವರ್ಗಕ್ಕೆ ಸೇರಿತ್ತೋ, ಅದರ ಟಾಪ್ಸ್-೧೦ ವ್ಯವಸ್ಥೆಯಲ್ಲಿ ಕೆಲಸವನ್ನು ಟರ್ಮಿನಲ್ಲಿನಿಂದ ಬಿಡಿಸಿಟ್ಟು, ಟರ್ಮಿನಲ್ಲನ್ನು ಮತ್ತೊಬ್ಬರಿಗೆ ಒಪ್ಪಿಸಿ, ತರುವಾಯ ಬೇರೊಂದು ಟರ್ಮಿನಲ್ಲಿನಿಂದ ಮತ್ತೆ ಆ ಕೆಲಸಕ್ಕೆ ಕೂಡಿಕೊಳ್ಳುವ ಆಜ್ಞೆಗಳಿದ್ದವು. ೧೯೮೭ರಲ್ಲಿ ಬರ್ಲಿನ್ನಿನಲ್ಲಿ ಓಲಿವರ್ ಲೌಮನ್ ಮೊದಲಾದವರು ಬರೆದ ‘ಸ್ಕ್ರೀನ್’ ಎಂಬ ಪ್ರೋಗ್ರಾಮು ಇದೇ ಅನುಕೂಲವನ್ನು ಯುನಿಕ್ಸ್ ಬಳಕೆದಾರರಿಗೆ ಒದಗಿಸಿತು. ಸೀಟಿನಿಂದ ವಲ್ಲಿಯನ್ನು ಎತ್ತಿ, ಬಿಸಾಡದೆ, ಕಟ್ಟಿ ಒಡೆಯನಿಗಾಗಿ ಇಟ್ಟಂತೆ ಇದು.

ಇದಕ್ಕಿಂತಲೂ ಸ್ವಾರಸ್ಯಕರವಾದ ಉದಾಹರಣೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ್ದು. ೧೯೮೦ರ ದಶಕದಲ್ಲಿ ಒಂದು ದೊಡ್ಡ ಯಂತ್ರದ ಬದಲು ಪ್ರತಿಯೊಬ್ಬ ಸಂಶೋಧಕನ ಮೇಜಿನ ಮೇಲೂ ಒಂದೊಂದು ಯಂತ್ರ ಬಂದಿತು. ಆಗ ಹಳೆಯ ಸಮಸ್ಯೆಯು ಮಗ್ಗಲು ಬದಲಾಯಿಸಿತು. ಒಡೆಯರು ಊಟಕ್ಕೋ ಮನೆಗೋ ಹೋದಾಗ ನೂರಾರು ಯಂತ್ರಗಳು ಬರಿದೆ ನಿಂತಿರುತ್ತಿದ್ದವು. ಲಿಟ್ಸ್‌ಕೋವ್, ಲಿವ್ನಿ ಮತ್ತು ಮುಟ್ಕಾ ಎಂಬ ಮೂವರು ವಿದ್ವಾಂಸರು ೧೯೮೮ರಲ್ಲಿ ಪ್ರಕಟಿಸಿದ ‘ಕಾಂಡಾರ್’ ಎಂಬ ವ್ಯವಸ್ಥೆಯು, ಒಡೆಯನ ಕೀಲಿಮಣೆ ಸುಮ್ಮನಾದುದನ್ನು ಗುರುತಿಸಿ, ಆ ಯಂತ್ರದ ಮೇಲೆ ಇತರರ ಲೆಕ್ಕಾಚಾರಗಳನ್ನು ನಡೆಸುತ್ತಿತ್ತು. ಒಡೆಯನು ಮರಳಿದನೆಂದು ತಿಳಿದರೆ ಅತಿಥಿಯ ಕೆಲಸವನ್ನು ನಿಲ್ಲಿಸಿ, ಅದುವರೆಗಿನ ಸ್ಥಿತಿಯನ್ನು ಕಾಪಾಡಿಟ್ಟು, ಬೇರೊಂದು ಯಂತ್ರಕ್ಕೆ ಕಳಿಸುತ್ತಿತ್ತು. ಒಡೆಯನು ಸುಮ್ಮನಿದ್ದಾಗಿನ ಫಲವನ್ನು ಇತರರು ಉಂಡರು. ಯಂತ್ರ ಅವನದಾಗಿಯೇ ಉಳಿಯಿತು. ವಿಸ್ಕಾನ್ಸಿನ್ನಿನ ವಿದ್ವಾಂಸರು ಮಿತಾಕ್ಷರಾವನ್ನು ಓದಿದ್ದರೆಂದು ಊಹಿಸಬೇಕಾದುದಿಲ್ಲ. ಒಂದೇ ಬಗೆಯ ಸಮಸ್ಯೆಯನ್ನು ನ್ಯಾಯಬುದ್ಧಿಯಿಂದ ಬಿಡಿಸಹೊರಟವರು ಎಂಟೊಂಬತ್ತು ಶತಮಾನಗಳ ಅಂತರದಲ್ಲಿಯೂ ಒಂದೇ ಎಡೆಗೆ ಬಂದು ಮುಟ್ಟಿದರೆಂಬುದಷ್ಟೆ ಇಲ್ಲಿ ಹೇಳಬೇಕಾದುದು.

೬. ಉತಾರದ ಯಂತ್ರದ ಮುಂದೆ

ಇನ್ನು ನಮ್ಮ ಊರುಗಳಿಗೆ ಬರೋಣ. ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ಹೊಲದ ಲೆಕ್ಕವು ಕುಲಕರ್ಣಿಯ ದಫ್ತರದಲ್ಲಿರುತ್ತಿತ್ತು. ೧೯೫೦ರ ಮುಂಬಯಿ ಕಾಯಿದೆಯಿಂದ ಕುಲಕರ್ಣಿ ವತನ ರದ್ದಾಯಿತು. ಲೆಕ್ಕವು ಸಂಬಳದ ತಲಾಠಿಯ ಕೈಗೆ ಬಂದಿತು. ಕಾಗದದ ದಫ್ತರಕ್ಕೆ ಒಂದು ಗುಣವಿದ್ದಿತು. ಬರೆಯುವವನು ಎದ್ದನೆಂದರೆ ಅದನ್ನು ಬಟ್ಟೆಯಲ್ಲಿ ಕಟ್ಟಿಡುತ್ತಿದ್ದನು. ಬಿಚ್ಚಿಟ್ಟ ದಫ್ತರ, ಕಟ್ಟಿಟ್ಟ ದಫ್ತರ ಎರಡೂ ನೋಡಿದವರಿಗೆ ತಿಳಿಯುತ್ತಿದ್ದವು. ೨೦೦೦ದ ಸುಮಾರಿಗೆ ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯಲ್ಲಿ ಸುಮಾರು ೬೭ ಲಕ್ಷ ರೈತರ ಸುಮಾರು ೨ ಕೋಟಿ ಪಹಣಿಗಳು, ನಮ್ಮ ಕಡೆಯ ಮಾತಿನಲ್ಲಿ ಉತಾರಗಳು, ಗಣಕಯಂತ್ರಕ್ಕೆ ಏರಿದವು. ಆಗಿನ ೧೭೭ ತಾಲೂಕುಗಳಲ್ಲಿ ಇದು ಜಾರಿಗೆ ಬಂದಿತು. ಉಗರಗೋಳದ ರೈತನ ಹೊಲವು ಸವದತ್ತಿಯ ತಾಲೂಕು ಕಚೇರಿಯ ಯಂತ್ರದಲ್ಲಿ ನೆಲಸಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ತೀರ್ಮಾನಿಸಬೇಕೆಂಬ ಪಾಳಿಯ ನಿಯಮವೂ, ಅಧಿಕಾರಿಗಳು ಬೆರಳಿನ ಗುರುತು ಒತ್ತಿಯೇ ಒಳಗೆ ಪ್ರವೇಶಿಸಬೇಕೆಂಬ ನಿಯಮವೂ ಅದರಲ್ಲಿದ್ದವು. ಒಬ್ಬನ ಹೆಸರಿನಲ್ಲಿ ಇನ್ನೊಬ್ಬನು ದಾಖಲೆ ತಿದ್ದಬಾರದು, ತಿದ್ದಿದವನು ತಾನಲ್ಲವೆಂದು ಹೇಳಬಾರದು ಎಂಬುದು ಬೆರಳುಗುರುತಿನ ಉದ್ದೇಶ.

ಉದ್ದೇಶವು ಶ್ಲಾಘ್ಯವಾದುದು. ಆದರೆ ಬೆರಳಿನ ಗುರುತು ವ್ಯಕ್ತಿಯು ಬಂದುದನ್ನು ಸಾಧಿಸುತ್ತದೆ. ಅವನು ಅಲ್ಲಿಯೇ ಇರುವುದನ್ನು ಸಾಧಿಸುವುದಿಲ್ಲ. ಬೆರಳೊತ್ತಿ ಕುಳಿತವನು ನಡುವೆ ಎದ್ದುಹೋದರೆ, ಬಿಚ್ಚಿಟ್ಟ ದಫ್ತರದಂತೆ ಯಂತ್ರವು ತೆರೆದೇ ಇರುತ್ತದೆ. ಒಂದು ಹೊಲದ ಹಕ್ಕು ಇಂಥ ತೆರವಿನ ಮೇಲೆ ನಿಲ್ಲಬಾರದು. ಆದುದರಿಂದ ಭೂದಾಖಲೆಯಂಥ ವ್ಯವಸ್ಥೆಗಳಲ್ಲಿ ನಿಷ್ಕ್ರಿಯತೆಯ ನಿರ್ಣಯವು ಕಟ್ಟುನಿಟ್ಟಾಗಿರಬೇಕೆಂಬ ವಾದಕ್ಕೆ ಬಲವಿದೆ.

ಆದರೆ ಕೌಂಟರಿನ ಈಚೆಗೂ ಒಬ್ಬ ಬಳಕೆದಾರನಿದ್ದಾನೆ. ಸರಕಾರದ ಸೇವೆಗಳು ಅಂತರಜಾಲಕ್ಕೆ ಬಂದ ಮೇಲೆ ರೈತನೋ ಮುದುಕಿಯೋ ವಿದ್ಯಾರ್ಥಿಯೋ ತಾನೇ ಅರ್ಜಿ ತುಂಬುವ ಸಂದರ್ಭಗಳು ಹೆಚ್ಚಿವೆ. ಅಕ್ಷರ ಕೂಡಿಸಿ ಓದುವವನು, ಕಣ್ಣು ಮಂಜಾದವನು, ಪೆಟ್ಟಿಗೆಯಿಂದ ಹಳೆಯ ಕಾಗದ ತೆಗೆದು ಸರ್ವೆ ನಂಬರು ಹುಡುಕುವವನು ಯಂತ್ರದ ಕಣ್ಣಿಗೆ ನಿಷ್ಕ್ರಿಯನು. ವಾಯಿದೆ ಮೀರಿತೆಂದು ತುಂಬಿದ್ದೆಲ್ಲ ಅಳಿದುಹೋದರೆ ಶಿಕ್ಷೆಯಾಗುವುದು ನಿಧಾನಕ್ಕೆ; ಸೋಮಾರಿತನಕ್ಕಲ್ಲ. ಈ ಅನ್ಯಾಯವನ್ನು ಗಮನಿಸಿಯೇ ೨೦೦೮ರ ಅಂತರರಾಷ್ಟ್ರೀಯ ಜಾಲತಾಣ ಸುಗಮತೆಯ ಮಾರ್ಗಸೂತ್ರವು ಒಂದು ಮರ್ಯಾದೆಯನ್ನು ವಿಧಿಸಿತು. ವಾಯಿದೆಯನ್ನು ತೆಗೆದುಹಾಕಲು ಅಥವಾ ಹೆಚ್ಚಿಸಿಕೊಳ್ಳಲು ಬಳಕೆದಾರನಿಗೆ ಮೊದಲೇ ಅವಕಾಶವಿರಬೇಕು. ಇಲ್ಲವೆ ವಾಯಿದೆ ಮುಗಿಯುವ ಮೊದಲು ಅವನಿಗೆ ಎಚ್ಚರಿಕೆ ಕೊಟ್ಟು, ಒಂದು ಕೀಲಿ ಒತ್ತುವಂಥ ಸುಲಭ ಕ್ರಿಯೆಯಿಂದ ಅದನ್ನು ಮುಂದೂಡಲು ಕನಿಷ್ಠ ೨೦ ಸೆಕೆಂಡುಗಳನ್ನಾದರೂ ಬಿಡಬೇಕು. ವಾಯಿದೆಯೇ ಅನಿವಾರ್ಯವಾದಂಥ ಕೆಲವು ಸಂದರ್ಭಗಳು ಮಾತ್ರ ಇದಕ್ಕೆ ಹೊರತು. ೨೦೦೯ರಲ್ಲಿ ಮೊದಲು ಹೊರಬಂದ ಭಾರತ ಸರಕಾರದ ಜಾಲತಾಣಗಳ ಮಾರ್ಗಸೂಚಿಯೂ ಈ ಅಂತರರಾಷ್ಟ್ರೀಯ ಸೂತ್ರಗಳನ್ನೇ ಆಧರಿಸಿದೆ. ಸ್ಮೃತಿಕಾರರ ಮಾತಿನಲ್ಲಿ ಹೇಳುವುದಾದರೆ, ಒಡೆಯನು ಕಾಣುತ್ತಿದ್ದೂ ಸುಮ್ಮನಿದ್ದನೇ ಎಂದು ಕೇಳಿದ ನಂತರವೇ ಹಾನಿಯ ಮಾತು.

೭. ಮೌನದ ಸಾಕ್ಷ್ಯ

ಕೊನೆಯದಾಗಿ ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನೇರವಾಗಿ ಸಂಬಂಧಿಸಿದ ಮಾತೊಂದಿದೆ. ಜಾಗದ ಕೊರತೆಯಿಂದ ಹುಟ್ಟಿ, ರಕ್ಷಣೆಯ ಹೆಸರಿನಲ್ಲಿ ಬೆಳೆದ ಈ ಅಳತೆಯು ಈಗ ಮೂರನೆಯ ಉಪಯೋಗಕ್ಕೆ ಬಂದಿದೆ. ಮನುಷ್ಯನು ದುಡಿಯುತ್ತಿರುವನೋ ಇಲ್ಲವೋ ಎಂಬುದಕ್ಕೆ ಅದನ್ನು ಸಾಕ್ಷ್ಯವಾಗಿ ಬಳಸಲಾಗುತ್ತಿದೆ. ಮನೆಯಿಂದ ಕೆಲಸ ಮಾಡುವವರ ಕೀಲಿಮಣೆ ಎಷ್ಟು ಹೊತ್ತು ಸುಮ್ಮನಿತ್ತೆಂದು ಎಣಿಸುವ ಪ್ರೋಗ್ರಾಮುಗಳು ಪ್ರಚಾರಕ್ಕೆ ಬಂದವು. ಅವುಗಳಿಗೆ ಉತ್ತರವಾಗಿ ಮೌಸನ್ನು ತಾನಾಗಿ ಅಲುಗಿಸುತ್ತಿರುವ ಉಪಕರಣಗಳೂ ಮಾರಾಟಕ್ಕೆ ಬಂದವು. ಕೀಲಿಮಣೆ ಬಳಸಿದಂತೆ ನಟಿಸಿದರೆಂಬ ಆರೋಪದ ಮೇಲೆ ೨೦೨೪ರಲ್ಲಿ ಅಮೆರಿಕದ ದೊಡ್ಡ ಬ್ಯಾಂಕೊಂದು ಹನ್ನೆರಡಕ್ಕೂ ಹೆಚ್ಚು ನೌಕರರನ್ನು ಕೆಲಸದಿಂದ ತೆಗೆದುಹಾಕಿತು. ೨೦೨೧ರ ಸೆಪ್ಟೆಂಬರದಲ್ಲಿ ಕ್ರೋಮ್ ಎಂಬ ಬ್ರೌಸರಿನಲ್ಲಿ, ಬಳಕೆದಾರನ ಅನುಮತಿ ಪಡೆದು ಅವನು ೬೦ ಸೆಕೆಂಡು ಅಥವಾ ಹೆಚ್ಚು ಕಾಲ ಸುಮ್ಮನಿರುವುದನ್ನು ಜಾಲತಾಣಗಳಿಗೆ ತಿಳಿಸುವ ಅನುಕೂಲ ಸೇರಿದಾಗ, ಮೊಜಿಲ್ಲಾ ಮತ್ತು ಆ್ಯಪಲ್ ಸಂಸ್ಥೆಗಳು ಅದನ್ನು ಖಾಸಗಿತನಕ್ಕೆ ಧಕ್ಕೆಯೆಂದು ವಿರೋಧಿಸಿದವು. ಅಳತೆ ಅದೇ, ಅಳೆಯುವ ಉದ್ದೇಶ ಬದಲಾಗಿದೆ.

ಇತಿಹಾಸದ ವಿದ್ಯಾರ್ಥಿಗೆ ಈ ತಪ್ಪು ಪರಿಚಿತವಾದುದು. ಸವದತ್ತಿಯಲ್ಲಿ ರಟ್ಟರ ಕಾಲದ ೯೮೦ರ ಶಾಸನವಿದೆ, ೧೨೨೮ರದೂ ಇದೆ. ಶಾಸನವು ಸಾಮಾನ್ಯವಾಗಿ ಒಂದು ದಾನದ ದಿನವನ್ನು, ಬಸದಿಗೋ ದೇಗುಲಕ್ಕೋ ಭೂಮಿ ಬಿಟ್ಟ ಆ ಒಂದು ಕ್ಷಣವನ್ನು ದಾಖಲಿಸುತ್ತದೆ. ಕಲ್ಲು ಕೊರೆಯದ ವರ್ಷಗಳಲ್ಲಿ ಸುಗಂಧವರ್ತಿಯ ಹೊಲಗಳಲ್ಲಿ ಬಿತ್ತನೆಯಾಗಲಿಲ್ಲ, ಮನೆಗಳಲ್ಲಿ ಒಲೆ ಉರಿಯಲಿಲ್ಲವೆಂದು ಯಾವ ವಿದ್ವಾಂಸನೂ ಹೇಳುವುದಿಲ್ಲ. ದಾಖಲೆಯ ಮೌನವು ದಾಖಲೆಯ ಗುಣ. ಅದನ್ನು ಜನರ ಗುಣವೆಂದು ಬಗೆಯಬಾರದೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಕೀಲಿಮಣೆಯೂ ಅಂಥದೇ ಒಂದು ದಾಖಲೆ. ಬೆರಳು ತಾಗಿದ ಕ್ಷಣಗಳನ್ನು ಅದು ಬಲ್ಲದು. ಎರಡು ತಾಗುವಿಕೆಗಳ ನಡುವೆ ನಡೆದ ಓದು, ಯೋಚನೆ, ಮಾತುಕತೆ, ಪಕ್ಕದ ಮೇಜಿನವನಿಗೆ ಮಾಡಿದ ಸಹಾಯ ಇವಾವುದನ್ನೂ ಅರಿಯದು.

ಆದುದರಿಂದ ಮೇಲಿನ ವಿವೇಚನೆಯ ಸಾರವನ್ನು ಹೀಗೆ ಸಂಗ್ರಹಿಸಬಹುದು. ಹಂಚಿಕೆಯ ಯಂತ್ರದಲ್ಲಿ ನಿಷ್ಕ್ರಿಯರನ್ನು ಗುರುತಿಸುವುದು ಅನಿವಾರ್ಯವಾದರೂ, ಗುರುತಿಸಲ್ಪಡುವುದು ಕೀಲಿಮಣೆಯ ಮೌನವಷ್ಟೆ. ಆ ಮೌನಕ್ಕೆ ವಾಯಿದೆಯನ್ನು ಗೊತ್ತುಪಡಿಸುವಾಗ ಯಾವ ವಸ್ತುವನ್ನು ಕಾಪಾಡಬೇಕಾಗಿದೆಯೆಂಬುದನ್ನು ಮೊದಲು ನಿಷ್ಕರ್ಷಿಸಬೇಕು. ವಾಯಿದೆ ಮುಗಿಯುವ ಮೊದಲು ಕೇಳಬೇಕು. ಉತ್ತರ ಕೊಡಲು ಕಷ್ಟವಿರುವವರಿಗೆ ಹೆಚ್ಚಿನ ಅವಕಾಶ ಬಿಡಬೇಕು. ಮುಗಿದ ಮೇಲೆಯೂ ಜಾಗವನ್ನು ಮಾತ್ರ ತೆಗೆದುಕೊಂಡು ಕೆಲಸವನ್ನು ಉಳಿಸಬೇಕು. ಕಲ್ಯಾಣದ ನ್ಯಾಯಶಾಸ್ತ್ರಜ್ಞನು ಹೊಲದ ವಿಷಯದಲ್ಲಿ ಮಾಡಿದ ಭೇದವನ್ನು ಉತಾರದ ಯಂತ್ರವನ್ನು ಕಟ್ಟುವವರು ತಿಳಿದುಕೊಂಡರೆ, ನಿಧಾನವಾಗಿ ಓದುವ ರೈತನು ಒಂದೇ ಅರ್ಜಿಯನ್ನು ಎರಡು ಸಲ ತುಂಬಬೇಕಾಗುವುದಿಲ್ಲ.